ದುಃಖದ ಮನೆಯಲ್ಲಿ ಉಣ್ಣುವವನು

ನನ್ನ ಗಂಡ ತೀರಿಹೋದ ದಿನವೇ ನಾನು ಎಂದಾಲೆಯನ್ನು ಮೊದಲು ನೋಡಿದ್ದು. ದೆಬ್ರೆ ಬರ್ಹಾನ್ ಊರಿನ ನಮ್ಮ ಬೀದಿಯ ‘ಇದಿರ್’, ಅಂದರೆ ಸಾವಿನ ಮನೆಗೆ ಹೆಗಲು ಕೊಡುವ ಸಂಘ, ಅವನನ್ನು ಗುಡಾರ ಹಾಕಲು ಕಳಿಸಿತ್ತು. ಏಣಿ ಹತ್ತಿ ಮೇಲಿನ ಗಳ ಬಿಗಿದು ಇಳಿದ. ನೆರೆಯವರು ತಂದ ಇಂಜೆರಾ ರೊಟ್ಟಿ, ಬೇಳೆ ಸಾರು ನನ್ನ ಮುಂದಿದ್ದವು, ನಾನು ಮುಟ್ಟಿರಲಿಲ್ಲ. ಅವನು ಎದುರಿಗೆ ಕೂತು ಅಳುತ್ತಲೇ ಉಣ್ಣತೊಡಗಿದ.

“ಅಕ್ಕಾ, ಒಂದು ತುತ್ತು ತಗೊಳ್ಳಿ. ಇಲ್ಲಾಂದ್ರೆ ಪೂರ್ತಿ ನಾನೇ ಖಾಲಿ ಮಾಡ್ಬಿಡ್ತೀನಿ. ನನಗೆ ನಿಲ್ಲಿಸೋಕೆ ಬರಲ್ಲ.”

ಆ ಅಳು ನಾಟಕವಲ್ಲ. ನನ್ನ ಗಂಡನ ಮುಖವನ್ನೂ ಅವನು ನೋಡಿದವನಲ್ಲ. ನಾನು ತುತ್ತು ತೆಗೆದುಕೊಂಡೆ.

ಅವನ ಸ್ವಭಾವವೇ ಅಂಥದ್ದು. ಯಾರ ಕಣ್ಣಲ್ಲಿ ನೀರು ಕಂಡರೂ ಅವನ ಕೈ ತಟ್ಟೆಗೆ ಹೋಗುತ್ತಿತ್ತು. ವರ್ಷ ಕಳೆದಂತೆ ಮೈ ಬೆಳೆಯಿತು. ಒಂದು ಸಾವಿನಲ್ಲಿ ಏಣಿಯ ಮೆಟ್ಟಿಲು ಮುರಿದು, ಗುಡಾರದ ಸಮೇತ ಪಾದ್ರಿಗಳ ಛತ್ರಿಯ ಮೇಲೆ ಬಿದ್ದ. ಸಂಘದ ಹಿರಿಯರಾದ ವುಬ್ಶೆತ್ ಎಲ್ಲರೆದುರೇ ಹೇಳಿದರು:

“ಮೆಸ್ಕೆಲ್ ಹಬ್ಬದೊಳಗೆ ಮೈ ಇಳಿಸ್ಕೋ. ಇಲ್ಲಾಂದ್ರೆ ಗುಡಾರ ಬೇರೆಯವರ ಕೈಗೆ. ಒಂದು ಸಾವಿಗೆ ಅಂತ ಬಂದು ಎರಡು ಮಾಡೋಕಾಗಲ್ಲ.”

ಆ ಕೆಲಸ ಬಿಟ್ಟರೆ ಎಂದಾಲೆಗೆ ಊರಿನಲ್ಲಿ ಬೇರೆ ಗುರುತಿಲ್ಲ.

ಆರೋಗ್ಯ ಕೇಂದ್ರದ ನರ್ಸಮ್ಮ ಅವನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಅದರೊಳಗೆ ಒಂದು ಹೆಂಗಸಿನ ದನಿ, ನಮ್ಮ ಭಾಷೆಯಲ್ಲೇ. ಉಣ್ಣುವ ಮೊದಲು ತಟ್ಟೆಯ ಫೋಟೋ ತೋರಿಸಬೇಕು. ಹಸಿವಲ್ಲ, ಬರಿ ಸಂಕಟ ಎಂದಾದರೆ ನೀರು ಕುಡಿದು, ಆ ಸಂಕಟವನ್ನು ಅದಕ್ಕೆ ಹೇಳಿಕೊಳ್ಳಬೇಕು.

ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಯಾರು ಇಡುತ್ತಾರೆ? ನಮ್ಮ ಬೀದಿಯ ಕಟುಕ ಸತ್ತಾಗ ಎಂದಾಲೆ, ಸುತ್ತ ಆರು ಜನ ಕೂತಿದ್ದ ದೊಡ್ಡ ತಟ್ಟೆಯ ಫೋಟೋ ತೆಗೆದ. ಫೋನು ಗುಡಾರಕ್ಕೆಲ್ಲ ಕೇಳುವಂತೆ, “ಎಂದಾಲೆ ಅವರೇ, ಇಷ್ಟನ್ನೂ ನೀವೊಬ್ಬರೇ ತಿನ್ನುತ್ತೀರಾ? ನಿಮ್ಮ ಮನಸ್ಸಿಗೆ ಬಹಳ ನೋವಾಗಿರಬೇಕು” ಎಂದಿತು.

“ಅವನಿಗೇನು ನೋವು? ನೋವು ನಂದು ಕಣಮ್ಮಾ!” ಎಂದಳು ಮೂಲೆಯಲ್ಲಿದ್ದ ಕಟುಕನ ಹೆಂಡತಿ ಅಲ್ಗನೆಶ್. “ಗಂಡ ಹೋದ.”

“ಹೇಳಿ, ಕೇಳುತ್ತಿದ್ದೇನೆ,” ಎಂದಿತು ಫೋನು.

ಅಲ್ಗನೆಶ್ ಮದುವೆಯ ದಿನದಿಂದ ಶುರುಮಾಡಿ, ನಾದಿನಿ ಕದ್ದ ಬೆಳ್ಳಿ ಸರದವರೆಗೂ ಹೇಳಿದಳು. ನಾದಿನಿ ಪಕ್ಕದಲ್ಲೇ ಇದ್ದಳು.

“ಸುಳ್ಳಿ! ಕೊಡೇ ಇಲ್ಲಿ, ನನ್ನದೂ ಸ್ವಲ್ಪ ಕೇಳಿಸ್ಕೊಳ್ಳಲಿ!”

ಫೋನು ಇಬ್ಬರನ್ನೂ ‘ಎಂದಾಲೆ ಅವರೇ’ ಎಂದೇ ಕರೆಯುತ್ತಾ, ‘ನೀರು ಕುಡಿಯಿರಿ’ ಎಂದಿತು. ಇಬ್ಬರೂ ಕುಡಿದರು.

ಅಂದಿನಿಂದ ಯಾರೇ ಸಾಯಲಿ, “ಎಂದಾಲೆಯ ಹೆಂಗಸು ಬಂದ್ಲಾ?” ಎಂದೇ ಮೊದಲು ವಿಚಾರಿಸುವರು. ವುಬ್ಶೆತ್ ಸಭೆ ಕರೆದು ಫೋನನ್ನು ಸಂಘದ ಸದಸ್ಯೆಯಾಗಿ ಸೇರಿಸಿಕೊಂಡರು. “ನಿಮ್ಮೆಲ್ಲರಿಗಿಂತ ಹೆಚ್ಚು ಹೊತ್ತು ಕೂರ್ತಾಳೆ. ಕಾಫಿನೂ ಕೇಳಲ್ಲ,” ಎಂದರು. ಆ ಫೋನೇ ಸತ್ತರೆ ಗುಡಾರ ಹಾಕಬೇಕೇ ಬೇಡವೇ ಎಂಬ ಚರ್ಚೆ ಮಾತ್ರ ಆ ಸಭೆಯಲ್ಲಿ ಮುಗಿಯಲಿಲ್ಲ.

ಎಂದಾಲೆ ಮಾತಿಗೆ ತಪ್ಪುವವನಲ್ಲ. ಫೋನಿಗೆ ತೋರಿಸದೆ ಉಣ್ಣುವುದಿಲ್ಲವೆಂದು ನರ್ಸಮ್ಮನಿಗೆ ಹೇಳಿದ್ದ. ಫೋನು ಹೆಂಗಸರ ಕೈಯಿಂದ ಕೈಗೆ ಹೋಗುತ್ತಿತ್ತೇ ಹೊರತು ಅವನಿಗೆ ಸಿಗುತ್ತಿರಲಿಲ್ಲ. ತನ್ನ ಫೋನಿಗೆ ತಾನೇ ಸರದಿಯಲ್ಲಿ ಕೂರುತ್ತಿದ್ದ; ಸರದಿ ಬರುವ ಹೊತ್ತಿಗೆ ತಟ್ಟೆ ಎತ್ತಿಬಿಟ್ಟಿರುತ್ತಿದ್ದರು. ಹಬ್ಬಕ್ಕೆ ಮೊದಲೇ ಅವನ ಕತ್ತಿನ ಮೂಳೆ ಕಂಡಿತು. ಏಣಿಯನ್ನು ಬೆಕ್ಕಿನಂತೆ ಹತ್ತಿದ.

ಆದರೆ ನೆರೆಯವರು ತಂದ ಪಾತ್ರೆಗಳು ತುಂಬಿದ ಹಾಗೆಯೇ ವಾಪಸಾಗತೊಡಗಿದವು. ಎದುರಿಗೆ ಕೂತು ಉಣ್ಣುವವನಿಲ್ಲದೆ ಸತ್ತವರ ಮನೆಯವರು ತುತ್ತೆತ್ತಲಿಲ್ಲ. ಫೋನಿಗೆ ಎಲ್ಲವನ್ನೂ ಹೇಳಿ ಹಗುರಾಗಿ, ಖಾಲಿ ಹೊಟ್ಟೆಯಲ್ಲಿ ಮಲಗುತ್ತಿದ್ದರು. ಅಲ್ಗನೆಶ್ ಚರ್ಚಿನ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದಳು.

ವುಬ್ಶೆತ್ ಎಂದಾಲೆಯ ಮೇಲೆ ರೇಗಿದರು. “ಏಣಿ ಹತ್ತೋರು ಬೇಕಾದಷ್ಟು ಸಿಗ್ತಾರೆ ಮಾರಾಯಾ. ಅಳ್ತಾ ತಿನ್ನೋನು ಎಲ್ಲಿ ಸಿಗ್ತಾನೆ? ಜನ ಉಣ್ಣೋ ಹಾಗೆ ಮಾಡು, ಇಲ್ಲ ಗುಡಾರ ಬಿಡು.”

ತಿಂದರೂ ಗುಡಾರ ಹೋಗುತ್ತದೆ, ತಿನ್ನದಿದ್ದರೂ ಹೋಗುತ್ತದೆ. ಮರುದಿನ ಅವನು ನಮ್ಮ ಮನೆಗೆ ಬಂದ. ನಾನು ಕಾಫಿ ಬೀಜ ಹುರಿಯುತ್ತಿದ್ದೆ. ಅವನು ಕೂರಲೂ ಇಲ್ಲ. ಒಣಕಲು ಕಡ್ಡಿಯಂತಿರುವ ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದ.

“ಅಕ್ಕಾ, ನಿಮಗಂತೂ ಏಣಿ ಹತ್ತೋ ಕೆಲಸ ಇಲ್ಲ. ಸಾವಿನ ಮನೇಲಿ ನನ್ನ ಜಾಗದಲ್ಲಿ ಕೂತು ನೀವು ತಿಂತೀರಾ?”