ನಾನು ಕಟ್ಟಿ ಹೇಳಿದ ಕನಸು

ಕನಸು, ಶಕುನ, ಸೂಚನೆ ಎಂದರೆ ಮೂಗು ಮುರಿಯುತ್ತಿದ್ದವಳು ನಾನು. ನರ್ಸ್ ಕೆಲಸದವರಿಗೆ ಜ್ವರ ಎಂದರೆ ಜ್ವರ, ಅದಕ್ಕೆ ಯಾರೂ ದೃಷ್ಟಿ ತೆಗೆಯುವುದಿಲ್ಲ. ಹಾಗಾಗಿ ಇದನ್ನು ಬರೆಯಲು ನನಗೇ ಮುಜುಗರ. ನೀವು ನಂಬಲೇಬೇಕೆಂದೇನೂ ಇಲ್ಲ.

ಎಂಬತ್ತರ ದಶಕದ ಮಾತು. ನಾವು ಆಗ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಹೇವರ್ಡ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಮಗಳಿಗೆ ಐದು ವರ್ಷ. ನಮ್ಮ ಆಸ್ಪತ್ರೆಯ ಕೆಲವರು ದಕ್ಷಿಣ ಅಮೆರಿಕದ ಮಳೆಕಾಡಿಗೆ, ಅಲ್ಲಿಯ ಮೂಲನಿವಾಸಿಗಳ ಮಕ್ಕಳಿಗೆ ಚುಚ್ಚುಮದ್ದು ಹಾಕಲು ಹೊರಟಾಗ ನಾನೂ ಎರಡು ತಿಂಗಳ ಮಟ್ಟಿಗೆ ಹೆಸರು ಕೊಟ್ಟೆ. ಮಗುವನ್ನು ಬಿಟ್ಟು ಹೋಗುತ್ತೀಯಾ ಎಂದು ಮುಖ ಸಣ್ಣ ಮಾಡಿದವರಿಗೆಲ್ಲ, ಮತ್ತೆ ಅಪ್ಪ ಎಂಬುವರು ಇರುವುದು ಯಾಕೆ ಎಂದು ಕೇಳಿದೆ.

ಅಲ್ಲಿ ನನ್ನನ್ನು ಒಬ್ಬ ಅಜ್ಜಿಯ ಮನೆಯಲ್ಲಿ ಇರಿಸಿದರು. ಆ ಜನರಲ್ಲಿ ಒಂದು ಪದ್ಧತಿ. ಬೆಳಗಾಗುವ ಮುನ್ನ ಮನೆಯವರೆಲ್ಲ ಬೆಂಕಿಯ ಸುತ್ತ ಕೂತು, ಯಾವುದೋ ಎಲೆಯ ಕಷಾಯ ಕುಡಿಯುತ್ತ, ತಮಗೆ ಬಿದ್ದ ಕನಸನ್ನು ಹೇಳಬೇಕು. ಅಜ್ಜಿ ಅದನ್ನು ಕೇಳಿ, ಇವತ್ತು ಬೇಟೆಗೆ ಹೋಗಿ, ಇವತ್ತು ಹೊಳೆಗೆ ಇಳಿಯಬೇಡಿ ಎಂದು ತೀರ್ಮಾನ ಕೊಡುತ್ತಿದ್ದಳು. ನನಗೋ ತಲೆ ದಿಂಬಿಗೆ ತಾಗಿದರೆ ಕನಸೂ ಇಲ್ಲ, ಗಿನಸೂ ಇಲ್ಲ. ಆದರೆ ಸುಮ್ಮನೆ ಕೂತರೆ ಅವರಿಗೆ ಬೇಸರ. ಕೊನೆಗೆ, ಆಸ್ಪತ್ರೆಯ ರೋಗಿಗಳಿಂದ ಕಲಿತ ಮುರುಕು ಸ್ಪ್ಯಾನಿಷ್‌ನಲ್ಲಿ ದಿನಕ್ಕೊಂದು ಕನಸು ಕಟ್ಟತೊಡಗಿದೆ. ಆನೆ ಅಟ್ಟಿಸಿಕೊಂಡು ಬಂತು, ಬಸ್ಸು ತಪ್ಪಿತು, ಅತ್ತೆ ದೋಸೆ ಹುಯ್ದು ಹಾಕಿದರು. ಅಜ್ಜಿಗೂ ಅಷ್ಟೇ ಸ್ಪ್ಯಾನಿಷ್. ಅವಳು ಗಂಭೀರವಾಗಿ ಕೇಳುತ್ತಿದ್ದಳು, ನಾನು ಒಳಗೊಳಗೇ ನಗುತ್ತಿದ್ದೆ.

ಒಂದು ಶನಿವಾರ ಬೇರೇನೂ ಹೊಳೆಯದೆ, ಪುಟ್ಟ ಹುಡುಗಿಯೊಬ್ಬಳು ನೀರಿಗೆ ಬಿದ್ದಳು ಎಂದೆ. ಅಷ್ಟಕ್ಕೇ ಬಟ್ಟಲು ಕೆಳಗಿಟ್ಟು ಏಳಹೊರಟೆ. ಪಕ್ಕದ ಹಳ್ಳಿಗೆ ಹೋಗುವ ದೋಣಿ ಕಾಯುತ್ತಿತ್ತು. ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. ಕೆಟ್ಟ ಕನಸನ್ನು ಅರ್ಧಕ್ಕೆ ಬಿಟ್ಟು ಏಳುವಂತಿಲ್ಲವಂತೆ. ಹೇಳಿದವಳೇ ಸೂರ್ಯ ಹುಟ್ಟುವ ಮೊದಲು ಅದನ್ನು ಮುಗಿಸಬೇಕಂತೆ. ಮನೆಯವರು ಯಾರೂ ಕೆಲಸಕ್ಕೆ ಏಳಲಿಲ್ಲ.

"ಆಮೇಲೆ ಯಾರು ಬಂದರು?" ಎಂದಳು ಅಜ್ಜಿ.

ನನಗೆ ಸಿಟ್ಟೇ ಬಂತು. ಎದುರಿಗಿದ್ದ ಕೆಂಪು ಬಕೆಟ್ ನೋಡಿ, ಕೆಂಪು ಟೋಪಿಯ ಮುದುಕನೊಬ್ಬ ಬಂದು ಅವಳನ್ನು ಎಳೆದುಹಾಕಿದ ಎಂದೆ. ಯಾವ ಕೈ ಹಿಡಿದು ಎಳೆದ ಎಂದು ಕೇಳಿದಳು. ಎಡಗೈ ಎಂದೆ. ಆಗಲೇ ಅವಳು ನನ್ನನ್ನು ಬಿಟ್ಟದ್ದು.

ಎರಡು ವಾರದ ನಂತರ ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟಿನಲ್ಲಿ ಇಳಿದೆ. ನಮ್ಮ ಯಜಮಾನರ ಪಕ್ಕದಲ್ಲಿ ಮಗಳು ನಿಂತಿದ್ದಳು. ಅವಳ ಎಡಗೈಯನ್ನು ಮಡಚಿ, ಬಟ್ಟೆಯ ಪಟ್ಟಿಯಲ್ಲಿ ಕೊರಳಿಗೆ ಕಟ್ಟಿದ್ದರು.

"ನಿಂಗೆ ಅಲ್ಲಿ ಟೆನ್ಷನ್ ಬೇಡ ಅಂತ ಹೇಳಿ ಕಳಿಸ್ಲಿಲ್ಲ ಮಾರಾಯ್ತಿ. ಈಗ ಅವಳು ಸರಿ ಉಂಟು," ಎಂದರು ಅವರು.

ಅಪಾರ್ಟ್‌ಮೆಂಟಿನ ಪೂಲಿನ ಹತ್ತಿರ ಮಗಳನ್ನು ಆಡಲು ಬಿಟ್ಟು, ಡ್ರೈಯರಿನಿಂದ ಬಟ್ಟೆ ತರಲು ಹೋಗಿದ್ದರಂತೆ. ಐದೇ ನಿಮಿಷ. ಬಂದು ನೋಡಿದರೆ ಅವಳು ಒದ್ದೆ ಮುದ್ದೆಯಾಗಿ ಪೂಲಿನ ಅಂಚಿನಲ್ಲಿ ಬಿದ್ದು ಕೆಮ್ಮುತ್ತಿದ್ದಳು. ಯಾರೋ ಜೋರಾಗಿ ಎಳೆದದ್ದರಿಂದ ಎಡಭುಜದ ಕೀಲು ತಪ್ಪಿತ್ತು. ಎಳೆದವರು ಯಾರು ಎಂದು ಇವರು ಮನೆಮನೆಗೂ ಹೋಗಿ ವಿಚಾರಿಸಿದರು. ಯಾರೂ ಅಲ್ಲ. ಇದು ಯಾವತ್ತು ಆದದ್ದು ಎಂದು ಕೇಳಿದೆ. ನಾನು ಆ ಕನಸು ಕಟ್ಟಿದ ಅದೇ ಶನಿವಾರ ಮಧ್ಯಾಹ್ನ.

ಮಗಳು ನನ್ನ ಸೀರೆ ಜಗ್ಗಿದಳು. "ಹೀ ಹ್ಯಾಡ್ ಎ ರೆಡ್ ಹ್ಯಾಟ್, ಅಮ್ಮಾ."

ನಾನು ಅಷ್ಟು ಜನರ ನಡುವೆ ಸೂಟ್‌ಕೇಸಿನ ಮೇಲೆ ಕುಸಿದು ಕೂತೆ. ಪ್ರಯಾಣದ ಸುಸ್ತು ಎಂದು ಇವರು ನೀರು ತಂದರು.

ಕಾಕತಾಳೀಯ ಎಂದು ಎಷ್ಟು ಸಲ ಹೇಳಿಕೊಂಡಿದ್ದೇನೋ. ಪ್ರತಿ ಸಲವೂ ಆ ಎಡಗೈ ನೆನಪಾಗುತ್ತದೆ. ನಾನು ಸುಳ್ಳು ಹೇಳಿದ್ದಕ್ಕೇ ಅವಳು ಬಿದ್ದಳೋ, ಆ ಸುಳ್ಳನ್ನು ಮುಗಿಸಿದ್ದಕ್ಕೆ ಉಳಿದಳೋ, ಎರಡೂ ಅಲ್ಲವೋ, ನನಗೆ ಗೊತ್ತಿಲ್ಲ. ಇಷ್ಟನ್ನೂ ಯಜಮಾನರಿಗೆ ಹೇಳಿದ್ದೇನೆ. ಒಂದನ್ನು ಮಾತ್ರ ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಆಮೇಲೆ ಯಾರು ಬಂದರು ಎಂದು ಅಜ್ಜಿ ಕೇಳಿದಾಗ, ಬೇಗ ಮುಗಿದರೆ ಸಾಕೆಂದು, ಯಾರೂ ಬರಲಿಲ್ಲ ಎನ್ನಲು ನಾನು ಬಾಯಿ ತೆರೆದಿದ್ದೆ.