ಅತ್ತೆಯ ನೋಟ್‌ಬುಕ್ಕೂ ನನ್ನ ಬೂದು ಚೌಕಗಳೂ

ನಿನ್ನ ಕೆಲಸ ಏನು ಅಂತ ಕೇಳಿದವರಿಗೆ ನಾನು "ಸಾಫ್ಟ್‌ವೇರ್" ಅಂದು ಸುಮ್ಮನಾಗುತ್ತೇನೆ. ನಿಜ ಹೇಳಿದರೆ ನಗುತ್ತಾರೆ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಕಾಣುವ ಪರದೆಯಲ್ಲಿ ಯಾವ ಬಟನ್ ಎಲ್ಲಿರಬೇಕು, ಅದಕ್ಕೆ ಯಾವ ಬಣ್ಣ, ಕೆಳಗೆ ಹೆಸರು ಬೇಕೋ ಬೇಡವೋ ಎಂದು ತೀರ್ಮಾನಿಸುವ ಗುಂಪಿನಲ್ಲಿ ನಾನೊಬ್ಬಳು. ಇಷ್ಟಕ್ಕಾಗಿ ಈ ಸ್ವೀಡನ್ನಿನಲ್ಲಿ ದಿನಾ ಮನೆಯಿರುವ ಸುಂಡ್‌ಬೀಬೆರಿಯಿಂದ ಆಫೀಸಿರುವ ಕಿಸ್ಟಾಗೆ ಹೋಗಿ, ಎಂಟು ಗಂಟೆ ಕೂತು, ಎರಡು ಸಲ ಫಿಕಾ ಮುಗಿಸಿ ಬರುತ್ತೇನೆ. ಫಿಕಾ ಅಂದರೆ ಕಾಫಿ, ಜೊತೆಗೊಂದು ಸಿಹಿ ಬನ್ನು. ನಮ್ಮ ಆಫೀಸಿನಲ್ಲಿ ಮೀಟಿಂಗ್ ತಪ್ಪಿಸಿದರೂ ನಡೆಯುತ್ತದೆ, ಫಿಕಾ ತಪ್ಪಿಸಿದರೆ ಮೈ ಹುಷಾರಿಲ್ಲವೇ ಎಂದು ವಿಚಾರಿಸುತ್ತಾರೆ.

ಕಳೆದ ವರ್ಷ ನಾವು ಆ ಪರದೆಯನ್ನು ಪೂರ್ತಿ ಬದಲಾಯಿಸಿದೆವು. ಬಣ್ಣಬಣ್ಣದ ಚೌಕಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದವು. ಕೆಳಗೆ ಎಡ ಮೂಲೆಯಲ್ಲಿದ್ದ ಅವುಗಳ ಪಟ್ಟಿ ಕೆಳ ಅಂಚಿನ ನಡುವಿಗೆ ಬಂತು, ಮೌಸ್ ಹತ್ತಿರ ಹೋಗುವವರೆಗೆ ಅದು ಅಡಗಿ ಕೂರುವಂತಾಯಿತು. "ಚಿತ್ರ ಇರುವಾಗ ಹೆಸರು ಯಾಕೆ? ತೆಗೆದುಬಿಡೋಣ" ಎಂದವಳು ನಾನೇ. ಪರೀಕ್ಷೆ ಮಾಡಿಸಲು ಕರೆದ ಸ್ವೀಡಿಶ್ ಹಿರಿಯರೊಬ್ಬರು ಹತ್ತು ನಿಮಿಷ ತಡಕಾಡಿ, ತಪ್ಪು ತಮ್ಮದೇ, ಇಂಥದ್ದೆಲ್ಲ ತಮಗೆ ಬರುವುದಿಲ್ಲ ಎಂದು ನಮ್ಮ ಕ್ಷಮೆ ಕೇಳಿ, ಕಾಫಿಗೆ ಥ್ಯಾಂಕ್ಸ್ ಹೇಳಿ ಹೊರಟರು. ನಾವು "ದೂರು ಇಲ್ಲ" ಎಂದು ಬರೆದುಕೊಂಡೆವು. ಅವರ ನಂತರ ಬಂದವರೂ ಹೆಚ್ಚುಕಡಿಮೆ ಹೀಗೇ ಕ್ಷಮೆ ಕೇಳಿ ಹೋದರು. ಕೆಲಸ ಮುಗಿದ ದಿನ ಕೇಕ್ ತರಿಸಿದರು, ನನ್ನ ತಟ್ಟೆಗೆ ದೊಡ್ಡ ತುಂಡು ಬಿತ್ತು.

ಕ್ಷಮೆ ಕೇಳುವ ಅಭ್ಯಾಸವೇ ಇಲ್ಲದ ಒಬ್ಬರು ನಮ್ಮ ಮನೆಯಲ್ಲೇ ಇದ್ದರು.

ನನ್ನ ಅತ್ತೆ ಬೆಂಗಳೂರಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಒಂದು ವರ್ಷ ನಮ್ಮ ಜೊತೆ ಇರಲು ಬಂದಿದ್ದರು. ಬಂದ ತಿಂಗಳಲ್ಲೇ ಇಲ್ಲಿನ ಕನ್ನಡದ ಮಕ್ಕಳಿಗೆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಆನ್‌ಲೈನ್ ಪಾಠ ಶುರು ಮಾಡಿದರು. ಐದು ಮಕ್ಕಳು, ಅದರಲ್ಲಿ ಅಕ್ಕ ತಂಗಿ ಇಬ್ಬರು ದೂರದ ಕಾರ್ಲ್‌ಸ್ಕ್ರೂನಾದವರು. ಲ್ಯಾಪ್‌ಟಾಪ್ ನಾನು ಕೊಟ್ಟದ್ದು, ಅದರಲ್ಲಿದ್ದದ್ದು ನಮ್ಮ ಕಂಪನಿ ಮಾಡಿದ ಸಿಸ್ಟಮ್ಮೇ. ಅದನ್ನು ಅತ್ತೆ ಕಲಿತದ್ದು ತಮ್ಮದೇ ರೀತಿಯಲ್ಲಿ: ಕಂದು ಕಾಗದದ ಬೈಂಡು ಹಾಕಿದ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಪ್ರತಿ ಹೆಜ್ಜೆಯನ್ನೂ ಬರೆದುಕೊಂಡು. "ಕೆಳಗೆ ಎಡ ಮೂಲೆಯ ನೀಲಿ ಚೌಕ. ಒಂದೇ ಸಲ ಒತ್ತುವುದು. ತಾಳ್ಮೆಯಿಂದ ಕಾಯುವುದು. ಹಸಿರು ಚೌಕ, ಅದರ ಕೆಳಗೆ ತರಗತಿ ಎಂಬ ಅರ್ಥದ ಇಂಗ್ಲಿಷ್ ಪದ." ಅಕ್ಷರಗಳು ಮುತ್ತಿನ ಹಾಗೆ, ಎಲ್ಲವೂ ಪೆನ್ನಿನಲ್ಲಿ.

ಈ ಊರಿನಲ್ಲಿ ಅವರಿಗೆ ಎಲ್ಲದಕ್ಕೂ ನಾವು ಬೇಕಿತ್ತು. ಮೆಟ್ರೋ ಟಿಕೆಟ್ ನಮ್ಮ ಫೋನಿನಲ್ಲಿ, ಔಷಧಿ ಅಂಗಡಿಯಲ್ಲಿ ಮಾತಾಡಲು ನಾವು, ಇಡೀ ಕಟ್ಟಡಕ್ಕೆ ಒಂದೇ ಇರುವ ನೆಲಮಾಳಿಗೆಯ ಮೆಷಿನ್ನಿನಲ್ಲಿ ಬಟ್ಟೆ ಒಗೆಯಲು ಸರದಿ ಹಿಡಿಯುವುದಕ್ಕೂ ನಾವೇ. ಹೊರಗೆ ಹೋದರೆ ನನ್ನ ಹಿಂದೆ ಎರಡು ಹೆಜ್ಜೆ ಬಿಟ್ಟು ಬರುತ್ತಿದ್ದರು. ಶನಿವಾರ ಮಾತ್ರ ಇಸ್ತ್ರಿ ಸೀರೆ ಉಟ್ಟು, ಕನ್ನಡಕ ಒರೆಸಿ, ಕೋಣೆಯ ಬಾಗಿಲು ಹಾಕಿಕೊಂಡು, ಯಾರ ಹಂಗೂ ಇಲ್ಲದೆ ಟೀಚರ್ ಆಗುತ್ತಿದ್ದರು. ಆ ಒಂದು ಗಂಟೆಗೆ ಅವರು ಉಳಿದ ಆರು ದಿನ ಕಾಯುತ್ತಿದ್ದದ್ದು ನನಗೆ ಗೊತ್ತಿತ್ತು.

ಅತ್ತೆಯ ಲ್ಯಾಪ್‌ಟಾಪಿನಲ್ಲಿ ಹೊಸ ಪರದೆ ತಾನಾಗಿ ಬಂದು ಕೂತದ್ದು ಒಂದು ಶುಕ್ರವಾರ ಸಂಜೆ. ನಾನು ಅಡುಗೆಮನೆಯಲ್ಲಿದ್ದೆ.

"ಯಾರೋ ಕೆಲಸ ಇಲ್ದೋರು ಮಾಡಿರೋದು ಇದು," ಅತ್ತೆಯ ದನಿ ಹಾಲ್‌ನಿಂದ ಕೇಳಿತು. "ನೆಟ್ಟಗೆ ಇದ್ದಿದ್ದನ್ನ ಕೆಡಿಸೋಕೆ ಸಂಬಳ ಬೇರೆ ಕೊಡ್ತಾರಾ ಇವರಿಗೆ?"

ನಾನು ಕಾವಲಿಯ ಮೇಲೆ ಇನ್ನೊಂದು ದೋಸೆ ಹುಯ್ದೆ. ನನ್ನ ಗಂಡ ಸುಮ್ಮನಿರುವ ಜಾತಿಯಲ್ಲ. "ಅಮ್ಮ, ಆ ಕೆಲಸ ಇಲ್ದೋರು ಇಲ್ಲೇ ಇದಾರೆ. ದೋಸೆ ಹುಯ್ತಿದಾರೆ ನೋಡು," ಎಂದ. ನಾನು ಅವನ ಮುಖಕ್ಕೆ ಸೌಟು ತೋರಿಸಿದೆ.

ಅತ್ತೆ ನೋಟ್‌ಬುಕ್ ಹಿಡಿದು ಬಂದು ಊಟದ ಮೇಜಿನ ಹತ್ತಿರ ಕೂತರು. "ಗ್ಯಾಸ್ ಆಫ್ ಮಾಡಿ ಬಾ. ನೀನೇ ತಾನೇ ಮಾಡಿದ್ದು, ನೀನೇ ಹೇಳು. ಬರ್ಕೋತೀನಿ." ನಮ್ಮದು ಕರೆಂಟ್ ಒಲೆ, ಆದರೂ ಅವರಿಗೆ ಅದು ಗ್ಯಾಸೇ.

"ನಾಳೆ ನಾನೇ ಒತ್ತಿಕೊಡ್ತೀನಿ ಅತ್ತೆ, ಎರಡು ನಿಮಿಷದ ಕೆಲಸ," ಎಂದೆ.

"ಬೇಡ. ನಾಳೆ ಒತ್ತಿಕೊಡ್ತೀಯ, ಮುಂದಿನ ವಾರ? ಪಾಠದ ಮಧ್ಯ ಸೊಸೆನ ಕೂಗೋ ಟೀಚರ್ ಹತ್ರ ಯಾರು ಕಲೀತಾರೆ? ಕಾರ್ಲ್‌ಸ್ಕ್ರೂನಾದವರು ಹೇಳಿಬಿಟ್ಟಿದಾರೆ, ಮಕ್ಕಳಿಗೆ ಶನಿವಾರ ಬೆಳಿಗ್ಗೆನೇ ಹಾಕಿ ಆಟದ ಕೋಚಿಂಗ್ ಅಂತೆ. ಈ ವಾರ ಒಂದು ನೋಡ್ತೀವಿ ಅಂದಿದಾರೆ. ನಾಳೆ ಪಾಠ ತಪ್ಪಿದ್ರೆ ಅವರಿಬ್ಬರೂ ಹೋದ ಹಾಗೇನೇ."

ಸರಿ ಎಂದು ಎದುರಿಗೆ ಕೂತೆ. ಅತ್ತೆ ಹೊಸ ಪುಟ ತೆಗೆದು ಒಂದು ಎಂದು ಅಂಕಿ ಹಾಕಿದರು.

"ತರಗತಿಗೆ ಹೋಗೋ ಚೌಕ ಯಾವ ಬಣ್ಣ?"

"ಬೂದು."

"ಪಾಠದ ಹಾಳೆ ತೋರಿಸೋದು?"

"ಅದೂ ಬೂದು."

"ಹೆಸರು ಓದ್ಕೋತೀನಿ ಬಿಡು. ಏನಿರುತ್ತೆ ಕೆಳಗೆ?"

"ಹೆಸರು ಇಲ್ಲ ಅತ್ತೆ."

"ಎಲ್ಲಿರುತ್ತೆ ಅಂತನಾದ್ರೂ ಹೇಳು."

"ಮೌಸ್ ಹತ್ರ ತಗೊಂಡು ಹೋದ್ರೆ ಕಾಣುತ್ತೆ."

ಅತ್ತೆ ಪೆನ್ನು ಕೆಳಗಿಟ್ಟರು. "ಕಾಣದೇ ಇರೋದರ ಹತ್ರ ಹೋಗೋದು ಹೇಗೆ?"

ಮೂರ್ನಾಲ್ಕು ತಿಂಗಳು ನಡೆದ ಮೀಟಿಂಗುಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನನ್ನ ಕೈಯಾರೆ ಜೋಡಿಸಿದ ಚೌಕಗಳು, ಕಣ್ಣು ಮುಚ್ಚಿ ಒತ್ತಬಲ್ಲೆ, ಆದರೆ ಇನ್ನೊಬ್ಬರಿಗೆ ಬರೆದುಕೊಳ್ಳುವಂತೆ ಒಂದು ಸಾಲು ಹೇಳಲು ಬರಲಿಲ್ಲ. ಅತ್ತೆಯ ಪುಟದಲ್ಲಿ ಒಂದು ಎಂಬ ಅಂಕಿ ಬಿಟ್ಟರೆ ಏನೂ ಇರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಮೊದಲು ಬರುವುದು ಸಿಟ್ಟು, "ಎಲ್ಲರಿಗೂ ಅರ್ಥ ಆಗಿದೆ, ನಿಮಗೊಬ್ಬರಿಗೇ ಆಗ್ತಿಲ್ಲ" ಎಂದು ಸಿಡುಕಿಬಿಟ್ಟೆ.

"ಎಲ್ಲರಿಗೂ ಅರ್ಥ ಆಗಿದೆ ಅಂತ ಯಾರು ಹೇಳಿದ್ರು?" ಎಂದು ಅತ್ತೆ ತಣ್ಣಗೆ ಕೇಳಿದರು. ತರಗತಿಯ ಕೊನೆಯ ಬೆಂಚಿನವರನ್ನು ಕೇಳುವ ದನಿ ಅದು. ಕ್ಷಮೆ ಕೇಳಿ ಹೋದ ಆ ಹಿರಿಯರು ನೆನಪಾದರು. ನಾನು ಎದ್ದು ತಣ್ಣಗಾಗಿದ್ದ ಕಾವಲಿಯ ಮುಂದೆ ನಿಂತೆ.

ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಆಗಲೇ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ, ಪಕ್ಕದಲ್ಲಿ ಹಣೆಗೆ ಇಡುವ ಸ್ಟಿಕರ್ ಪ್ಯಾಕೆಟ್. ಮೌಸನ್ನು ಅತ್ತಿಂದಿತ್ತ ಓಡಿಸಿ, ಪಟ್ಟಿ ತಲೆ ಎತ್ತಿದಾಗಲೆಲ್ಲ ಒಂದೊಂದನ್ನೇ ಒತ್ತಿ, ಯಾವುದು ಏನೆಂದು ಕಂಡುಹಿಡಿದು, ಅದರ ನೇರ ಕೆಳಗೆ ಪರದೆಯ ಕಪ್ಪು ಅಂಚಿಗೆ ಸ್ಟಿಕರ್ ಅಂಟಿಸುತ್ತಿದ್ದರು. ತರಗತಿಗೆ ಕೆಂಪು. ಹಾಳೆ ತೋರಿಸಲು ಹಸಿರು. ಮುಚ್ಚಲು ಕಪ್ಪು, ಅದು ಅಂಚಿನ ಮೇಲೆ ಕಾಣಲಿಲ್ಲವೆಂದು ಕಿತ್ತು ಹೊಳೆಯುವ ಕಲ್ಲಿನದು ಹಾಕಿದರು.

"ಒಂಬತ್ತು ಮುಕ್ಕಾಲಾಯ್ತು, ಆಚೆ ಹೋಗು," ಎಂದರು. ಬಾಗಿಲು ಹಾಕಿಕೊಂಡಿತು.

ನಾನೂ ನನ್ನ ಗಂಡನೂ ಬಾಗಿಲಿನ ಹೊರಗೆ, ಒಗೆದ ಬಟ್ಟೆ ಮಡಿಸುವ ನೆಪದಲ್ಲಿ, ಕದ್ದು ಕೇಳುತ್ತಾ ನಿಂತೆವು. ಹತ್ತಾಯಿತು. ಒಳಗೆ ಸದ್ದಿಲ್ಲ. ಹತ್ತೂ ಎರಡು. ನನ್ನ ಕೈಯಲ್ಲಿದ್ದ ಒಂದೇ ಟವೆಲನ್ನು ಮೂರು ಸಲ ಮಡಿಸಿದೆ. ಒಳಗೆ ಹೋಗಿಬಿಡೋಣ ಎಂದು ಚಿಲಕಕ್ಕೆ ಕೈ ಹಾಕಿದ್ದೆ, ಅಷ್ಟರಲ್ಲಿ "ನಮಸ್ಕಾರ ಮಕ್ಕಳೇ, ಹಾಳೆ ಕಾಣ್ತಿದೆಯಾ?" ಎಂಬ ದನಿ, ಹಿಂದೆಯೇ ಐದು ಗಂಟಲಿನಿಂದ ಒಟ್ಟಿಗೆ "ಕಾಣ್ತಿದೆ". ಐದೂ ಇದ್ದವು, ನಾನು ಎಣಿಸಿದೆ. ನನ್ನ ಗಂಡ ಟವೆಲಿನ ಕಡೆ ಬೆರಳು ತೋರಿಸಿ ಕಣ್ಣೊರೆಸಿಕೋ ಅಂದ. ಅಳುವಂಥದ್ದೇನೂ ಆಗಿರಲಿಲ್ಲ, ಆದರೂ ಒರೆಸಿಕೊಂಡೆ.

ಸೋಮವಾರ ಆ ಲ್ಯಾಪ್‌ಟಾಪನ್ನು, ಸ್ಟಿಕರ್ ಸಮೇತ, ಅತ್ತೆಯ ಅಪ್ಪಣೆ ಪಡೆದು ಮೀಟಿಂಗಿಗೆ ಒಯ್ದೆ. ಹೆಸರು ತೆಗೆಸಿದ್ದು ನಾನು, ಅದು ತಪ್ಪು ಎಂದೆ. ಮ್ಯಾನೇಜರ್ ಬಹಳ ಹೊತ್ತು ಸ್ಟಿಕರ್ ನೋಡಿ "ಇದು ಆಸಕ್ತಿಕರವಾಗಿದೆ" ಎಂದರು. ಇಲ್ಲಿ ಯಾರಾದರೂ ಹಾಗಂದರೆ ಮಾತು ಅಲ್ಲಿಗೆ ಮುಗಿಯಿತು ಎಂದು ತಿಳಿಯಬೇಕು. ಅಷ್ಟರಲ್ಲಿ ಯಾವಾಗಲೂ ಬಾಯಿ ಬಿಡದ ಸಹೋದ್ಯೋಗಿಯೊಬ್ಬ, ತನ್ನ ಅಪ್ಪನೂ ಪರದೆಗೆ ಟೇಪ್ ಅಂಟಿಸಿಕೊಂಡಿದ್ದಾರೆ, ಹೇಳಲು ಸಂಕೋಚವಾಗಿತ್ತು ಎಂದ. ಇನ್ನೊಬ್ಬಳ ಅಮ್ಮ ಕಂಪ್ಯೂಟರನ್ನೇ ಕಪಾಟಿಗೆ ಸೇರಿಸಿದ್ದರು. ಆ ದಿನ ಫಿಕಾ ಒಂದು ಗಂಟೆ ನಡೆಯಿತು. ಎರಡು ತಿಂಗಳಿಗೆ ಚೌಕಗಳ ಕೆಳಗೆ ಹೆಸರುಗಳು ವಾಪಸ್ ಬಂದವು, ಪಟ್ಟಿ ಅಡಗುವುದನ್ನು ಬಿಟ್ಟಿತು.

ಅತ್ತೆ ಅದನ್ನು ನೋಡಿ "ಹೂಂ, ಪರವಾಗಿಲ್ಲ" ಎಂದರು. ಸ್ಟಿಕರ್ ತೆಗೆಯಲಿಲ್ಲ. ನೋಟ್‌ಬುಕ್ಕಿನ ಹೊಸ ಪುಟಗಳನ್ನು ಈ ಸಲ ಪೆನ್ಸಿಲ್‌ನಲ್ಲಿ ಬರೆಯತೊಡಗಿದರು. ಯಾಕೆ ಅತ್ತೆ ಎಂದೆ. "ನೀನು ಆ ಕೆಲಸದಲ್ಲಿ ಇರೋ ತನಕ ಪೆನ್ಸಿಲ್ಲೇ ಸರಿ ಕಣಮ್ಮ," ಎಂದರು.

ವರ್ಷ ಮುಗಿದು ಊರಿಗೆ ಹೊರಟಾಗ ಲ್ಯಾಪ್‌ಟಾಪ್ ಒಯ್ದರು, ತರಗತಿ ಈಗ ಅಲ್ಲಿಂದಲೇ ನಡೆಯುತ್ತದೆ. ನೋಟ್‌ಬುಕ್ ಬೇಕಿಲ್ಲ, ಎಲ್ಲ ಕೈಗೆ ಬಂದಿದೆ ಎಂದು ನನ್ನ ಮೇಜಿನ ಮೇಲಿಟ್ಟು ಹೋದರು. ತೆರೆದು ನೋಡಿದೆ. ಪೆನ್ಸಿಲ್ ಸಾಲುಗಳು ಶುರುವಾಗುವ ಪುಟದ ನೆತ್ತಿಯಲ್ಲಿ ಒಂದೇ ಒಂದು ಸಾಲು ಪೆನ್ನಿನಲ್ಲಿತ್ತು: "ಹೆಸರುಗಳನ್ನು ವಾಪಸ್ ಹಾಕಿಸಿದವಳು ನನ್ನ ಸೊಸೆ." ಅದರ ಕೆಳಗೆ ಪೆನ್ಸಿಲ್‌ನಲ್ಲಿ, ಸಣ್ಣಗೆ: "ತೆಗೆಸಿದವಳೂ ಅವಳೇ." ಪೆನ್ಸಿಲ್‌ನದನ್ನು ಅಳಿಸಬಹುದಿತ್ತು. ನಾನು ಅಳಿಸಲಿಲ್ಲ.