ಕಾಕಾನ ಹೆಬ್ಬೆರಳಿಗೆ ಅಂಟಿದ ವಿಮಾನದ ಗುರುತು

ಗೆಳೆಯರೇ, ಇವತ್ತು ನಮ್ಮ ಕಾಕಾ ನನ್ನ ವಿಮಾನ ಕೆಡಿಸಿದರು. ಅಣ್ಣ ಮುಂಬಯಿಯಿಂದ ತಂದ ಪ್ಲಾಸ್ಟಿಕ್ಕಿನ ಪುಟ್ಟ ಮಾದರಿ ಅದು. ನಾಳೆ ಕೊಲ್ಲಾಪುರದ ಪ್ರದರ್ಶನಕ್ಕೆ ಒಯ್ಯಬೇಕು. ಬಣ್ಣ ಒಣಗಿ, ರೆಕ್ಕೆಗಳ ಮೇಲೆ ಪೊರೆಯಷ್ಟು ತೆಳುವಾದ ದುಂಡು ಗುರುತುಗಳನ್ನು ಅಂಟಿಸುವುದಷ್ಟೇ ಉಳಿದಿತ್ತು. ಅವನ್ನು ನೀರಿನಲ್ಲಿ ನೆನೆಸಿ, ಕಾಗದದಿಂದ ಮೆಲ್ಲಗೆ ಜಾರಿಸಿ ಕೂರಿಸಬೇಕು. ಒಂದು ರೆಕ್ಕೆ ಮುಗಿದಿತ್ತು. ಇನ್ನೊಂದರ ಗುರುತನ್ನು ಕುಂಚದ ತುದಿಯಿಂದ ಸರಿಪಡಿಸುತ್ತಿದ್ದಾಗ ಕಾಕಾ ಇಲ್ಲೇ ಇಚಲಕರಂಜಿಯ ಮಗ್ಗದ ಕಾರ್ಖಾನೆಯಿಂದ ಊಟಕ್ಕೆ ಮನೆಗೆ ಬಂದರು.

“ಹಿಂಗ ನಾಜೂಕ ಮಾಡಿದ್ರ ಯಾವಾಗ ಮುಗೀತೈತಿ? ಗಟ್ಟಿ ಒತ್ತಬೇಕು.”

“ಮುಟ್ಟಬ್ಯಾಡ್ರಿ ಕಾಕಾ, ಇನ್ನೂ ಹಸಿ ಐತಿ,” ಎಂದೆ.

“ನನಗ ಕಲಿಸ್ತಿಯೇನು? ದಿನಾ ಸೀರಿಗೆ ಚೀಟಿ ಹಚ್ಚಾಂವ ನಾನು.”

ಎನ್ನುತ್ತಲೇ ಹೆಬ್ಬೆರಳಿನಿಂದ ಒತ್ತಿದರು. ಬೆರಳೆತ್ತಿದಾಗ ರೆಕ್ಕೆ ಬರಿದಾಗಿತ್ತು. ಗುರುತು ಒಂದು ಸುಕ್ಕೂ ಇಲ್ಲದೆ, ಒಂದು ಗುಳ್ಳೆಯೂ ಇಲ್ಲದೆ ಅವರ ಹೆಬ್ಬೆರಳಿನ ಮೇಲೆ ಕೂತಿತ್ತು. ನಾನು ಕುಂಚ ಹಿಡಿದು ಬಿಡಿಸಲು ಹೋಗುವಷ್ಟರಲ್ಲಿ ಕಾಕಿ ತಾಟು ಇಟ್ಟರು. “ಉಂಡ ಮ್ಯಾಲೆ ನೋಡೂಣು ತಡಿ,” ಎಂದು ಕಾಕಾ ರೊಟ್ಟಿ ಮುರಿದು ಕಡಲೆಹಿಟ್ಟಿನ ಝುಣಕಕ್ಕೆ ಹಚ್ಚಿದರು.

ಉಂಡ ಮೇಲೆ ನೋಡಿದರೆ ಹೆಬ್ಬೆರಳು ಸ್ವಚ್ಛವಾಗಿತ್ತು. ಪ್ರದರ್ಶನದಲ್ಲಿ ಯಾರಾದರೂ ಕೇಳಿದರೆ, ಎರಡನೆಯ ರೆಕ್ಕೆಯ ಗುರುತು ಇಚಲಕರಂಜಿಯಲ್ಲಿ ಕಾಕಾನ ಹೊಟ್ಟೆಯಲ್ಲಿದೆ ಎಂದು ಹೇಳಬೇಕಾಗಿದೆ.